ಮೇಜು ಬಿಟ್ಟು ಹೊರಟ ಬೋರ್ಡು

ಆರ್ಡುಯಿನೊ ಎಂಬ, ಕೋಡು ಬರೆದು ನಡೆಸುವ ಪುಟ್ಟ ಬೋರ್ಡಿಗೆ ಕಟ್ಟಿ ಮೇಜಿನ ಮೇಲೆ ಲಕ್ಷಣವಾಗಿ ಓಡುತ್ತಿದ್ದ ನನ್ನ ಸರ್ಕ್ಯೂಟು ಚೀಲದಲ್ಲಿ ಒಂದು ಸುತ್ತು ಹೋಗಿ ಬಂದರೆ ಸಾಕು, ಮಾತೇ ಆಡುತ್ತಿರಲಿಲ್ಲ. ವೈರು ಪೂರ್ತಿ ಕಿತ್ತು ಬಂದಿದ್ದರೆ ಒಳ್ಳೆಯದೇ, ಕಣ್ಣಿಗೆ ಬೀಳುತ್ತದೆ. ಒಂದು ಸಲ ಪರದೆಗೆ ಡೇಟಾ ಒಯ್ಯುವ ಎಸ್‌ಡಿಎ ವೈರು, ಬೆಸುಗೆಯಿಲ್ಲದೆ ವೈರು ಸಿಕ್ಕಿಸುವ ಬ್ರೆಡ್‌ಬೋರ್ಡಿನ ತೂತಿನಲ್ಲೇ ಇತ್ತು, ಬುಡ ಮಾತ್ರ ಸಡಿಲ. ಓಎಲ್‌ಇಡಿ ಪರದೆ ಹತ್ತು ಸಲ ಆನ್ ಮಾಡಿದರೆ ನಾಲ್ಕು ಸಲ ಬೆಳಗುತ್ತಿತ್ತು. ಕೋಡೇ ಸರಿಯಿಲ್ಲ ಎಂದುಕೊಂಡು ಒಂದಿಡೀ ಸಂಜೆ ಕೋಡು ತಿದ್ದಿದೆ. ಕೊನೆಗೆ ಮೊಣಕೈ ತಗುಲಿ ಬ್ರೆಡ್‌ಬೋರ್ಡು ಅಲುಗಿದಾಗ ಪರದೆ ತಾನಾಗಿ ಬಂತು!

ಮೊದಲು ಹೊಳೆದ ಉಪಾಯ ಡಬ್ಬಿ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಆರ್ಡುಯಿನೊ ಊನೊ ಬೋರ್ಡು, ಬ್ರೆಡ್‌ಬೋರ್ಡು, ಸೆನ್ಸರು, ಕೇಬಲ್ಲು ಎಲ್ಲ ತುಂಬಿದೆ. ಹೊರಗಿನಿಂದ ನೋಡಲು ಅಚ್ಚುಕಟ್ಟು; ಒಳಗೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ಕುಣಿಯುತ್ತಿದ್ದವು. ಡಬ್ಬಿ ಧೂಳು ತಡೆಯಬಹುದು, ಅಲುಗಾಟವನ್ನಲ್ಲ. ಬೋರ್ಡಿಗೂ ಬ್ರೆಡ್‌ಬೋರ್ಡಿಗೂ ನಡುವಿನ ಅಂತರ ಒಂದು ಮಿಲಿಮೀಟರೂ ಬದಲಾಗದಂತೆ ಮಾಡಬೇಕು ಎಂಬುದು ನನಗೆ ತಿಳಿದದ್ದು ಆಗ.

ಹಾಗಾಗಿ ನೋಟ್‌ಬುಕ್ಕಿನಷ್ಟು ಅಗಲದ ತೆಳು ಪ್ಲೈವುಡ್ ಹಲಗೆ ತೆಗೆದುಕೊಂಡೆ. ಊನೊದ ತೂತುಗಳಿಗೆ ಎಂ3 ಸ್ಕ್ರೂ ಸರಿಯಾಗಿ ಕೂರುತ್ತದೆ, ಆದರೆ ನಾಲ್ಕರಲ್ಲಿ ಒಂದು ತೂತು ಪಿನ್ ಸಾಲಿಗೆ ತೀರಾ ಅಂಟಿಕೊಂಡಿದೆ; ಸ್ಕ್ರೂ ತಲೆ ಅಲ್ಲಿ ಆ ಸಾಲಿಗೆ ತಾಗುತ್ತದೆ. ಅದನ್ನು ಖಾಲಿ ಬಿಟ್ಟು ಮೂರಕ್ಕೆ ಮಾತ್ರ ಬೋರ್ಡನ್ನು ಹಲಗೆಯಿಂದ ಎತ್ತಿ ಹಿಡಿಯುವ ನೈಲಾನ್ ಸ್ಟ್ಯಾಂಡ್‌ಆಫ್ ಹಾಕಿದೆ. ಇದುವರೆಗೆ ಅಲುಗಿಲ್ಲ. ಪಕ್ಕದಲ್ಲಿ 400 ತೂತಿನ ಬ್ರೆಡ್‌ಬೋರ್ಡನ್ನು ಅದರ ಹಿಂಬದಿಯ ಅಂಟಿನಿಂದಲೇ ಹಚ್ಚಿದೆ. 830 ತೂತಿನದು ಮೇಜಿಗೆ ಸರಿ, ಮಡಿಲಲ್ಲಿಟ್ಟು ಕೆಲಸ ಮಾಡಲು ಅತಿಯಾಯಿತು. ಉದ್ದನೆಯ ಜಂಪರ್ ವೈರುಗಳನ್ನು ತೆಗೆದುಹಾಕಿ, ಒಂಟಿ ಎಳೆಯ ಗಟ್ಟಿ ವೈರನ್ನು ಅಳತೆಗೆ ಕತ್ತರಿಸಿ ಬ್ರೆಡ್‌ಬೋರ್ಡಿಗೆ ಮಲಗಿಸಿದೆ. ಬೆರಳು ಸಿಕ್ಕಿಕೊಳ್ಳುವ ಕಮಾನುಗಳೇ ಇಲ್ಲದ ಮೇಲೆ ಕಿತ್ತು ಬರಲು ಏನಿದೆ?

ಹಲಗೆಯಿಂದ ಇನ್ನೊಂದು ಉಪಕಾರವೂ ಆಯಿತು. ಹಿಂದೊಮ್ಮೆ ಊನೊವನ್ನು ಬರಿದಾಗಿಯೇ ಇಟ್ಟಿದ್ದೆ. ಕೆಳಗೆ ಸ್ಕ್ರೂಡ್ರೈವರ್ ಇದ್ದದ್ದು ನೋಡಿರಲಿಲ್ಲ. ಬೆಸುಗೆ ಹಾಕಿದ ತುದಿಗಳ ನಡುವೆ ಶಾರ್ಟ್ ಆಗಿ ಬೋರ್ಡು ಆರಿಹೋಯಿತು. ಊನೊದಲ್ಲಿ ಯುಎಸ್‌ಬಿ ದಾರಿಗೆ 500 ಮಿಲಿಆಂಪಿಯರಿನ ಪಾಲಿಫ್ಯೂಸ್ ಇದೆ, ಕರೆಂಟು ಅತಿಯಾದರೆ ಬಿಸಿಯಾಗಿ ತಡೆಯುತ್ತದೆ, ತಣ್ಣಗಾದ ಮೇಲೆ ಮತ್ತೆ ಬಿಡುತ್ತದೆ. ಲ್ಯಾಪ್‌ಟಾಪಿನ ಪೋರ್ಟು ಉಳಿದದ್ದು ಅದರ ಪುಣ್ಯದಿಂದ ಎಂದೇ ನನ್ನ ಲೆಕ್ಕ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕೇಬಲ್ಲು. ಇಎಸ್‌ಪಿ32 ಎಂಬ ಇನ್ನೊಂದು ಬಗೆಯ ಬೋರ್ಡಿನ ಮೈಕ್ರೊ ಯುಎಸ್‌ಬಿ ಸಾಕೆಟ್ಟನ್ನು ನಾನೇ ಕಿತ್ತಿದ್ದೇನೆ. ಲ್ಯಾಪ್‌ಟಾಪ್ ಸ್ವಲ್ಪ ತಿರುಗಿಸಿದೆ, ಕೇಬಲ್ಲು ಎಳೆಯಿತು, ಸಾಕೆಟ್ಟು ಕೆಳಗಿನ ತಾಮ್ರದ ಪದರ ಸಮೇತ ಕೈಗೆ ಬಂತು. ಮತ್ತೆ ಬೆಸುಗೆ ಹಾಕಲು ಜಾಗವೇ ಇರಲಿಲ್ಲ. ಈಗ ಹಲಗೆಯ ಅಂಚಿನಲ್ಲಿ ಎರಡು ತೂತು ಕೊರೆದು ಕೇಬಲ್ಲನ್ನು ಜಿಪ್ ಟೈನಿಂದ ಬಿಗಿದಿದ್ದೇನೆ, ಜಿಪ್ ಟೈಗೂ ಸಾಕೆಟ್ಟಿಗೂ ನಡುವೆ ಬೆರಳಗಲದ ಸಡಿಲ ಬಾಗು ಬಿಟ್ಟು. ಎಳೆತವೆಲ್ಲ ಹಲಗೆಗೆ, ಸಾಕೆಟ್ಟಿಗೆ ಏನೂ ಇಲ್ಲ. ಬಿಗಿಯುವ ಮುನ್ನ ಆ ಕೇಬಲ್ಲಿನಲ್ಲಿ ಪ್ರೋಗ್ರಾಂ ಅಪ್‌ಲೋಡ್ ಆಗುತ್ತದೆಯೇ ನೋಡಿಕೊಳ್ಳಿ. ಚಾರ್ಜಿಂಗಿಗಷ್ಟೇ ಮಾಡಿದ ಕೇಬಲ್ಲುಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಬೋರ್ಡಿನ ದೀಪ ಉರಿಯುತ್ತದೆ, ಪೋರ್ಟಿನ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ಅಂಥದ್ದನ್ನೇ ಬಿಗಿದು, ಮತ್ತೆ ಕತ್ತರಿಸಿ ತೆಗೆದವನು ನಾನು.

ವಿದ್ಯುತ್ತಿನ ವಿಷಯ. ಯುಎಸ್‌ಬಿ 2.0 ಪೋರ್ಟು ಕೊಡುವುದು 500 ಮಿಲಿಆಂಪಿಯರ್. ಸೆನ್ಸರು, ಎಲ್‌ಇಡಿಗೆ ಅದು ಧಾರಾಳ. ಹೇಳಿದ ಕೋನಕ್ಕೆ ತಿರುಗುವ ಸರ್ವೊ ಮೋಟಾರು ಹಾಕಿದೊಡನೆ, ಅದು ತಿರುಗಿದಾಗಲೆಲ್ಲ ನನ್ನ ಬೋರ್ಡು ರೀಸೆಟ್ ಆಗುತ್ತಿತ್ತು. ಮೋಟಾರು ಹೊರಡುವ ಕ್ಷಣದಲ್ಲಿ ಕರೆಂಟು ಸೆಳೆದು ವೋಲ್ಟೇಜನ್ನು ಕುಸಿಸುತ್ತದೆ. ನಾಲ್ಕು ಎಎ ಅಳತೆಯ ರೀಚಾರ್ಜೆಬಲ್ ಸೆಲ್ಲುಗಳನ್ನು, ಅಂದರೆ 4.8 ವೋಲ್ಟನ್ನು, ಸರ್ವೊಗೆಂದೇ ಬೇರೆ ಕೊಟ್ಟೆ, ಸೆಲ್ಲುಗಳ ಗ್ರೌಂಡನ್ನು, ಅಂದರೆ ಋಣ ತುದಿಯನ್ನು, ಮಾತ್ರ ಬೋರ್ಡಿನ ಗ್ರೌಂಡಿಗೆ ಜೋಡಿಸಿದೆ. ಆ ಒಂದು ವೈರು ಮರೆತರೆ ಸರ್ವೊ ಹುಚ್ಚು ಹಿಡಿದಂತೆ ನಡುಗುತ್ತದೆ. ಸೆಲ್ಲಿನ ಬದಲು ಪವರ್ ಬ್ಯಾಂಕ್ ಕೂಡ ಪ್ರಯತ್ನಿಸಿದ್ದೆ. ಸರ್ವೊ ಸುಮ್ಮನಿದ್ದಾಗ ಸೆಳೆಯುವ ಕರೆಂಟು ತೀರಾ ಕಡಿಮೆ ಎಂದು ಅದು ತಾನಾಗಿಯೇ ಆಫ್ ಆಗುತ್ತಿತ್ತು, ಬಿಟ್ಟುಬಿಟ್ಟೆ.

ಇಂಟರ್ನೆಟ್ ಇಲ್ಲದ ಕಡೆ ಕೂತು ಕೋಡಿಗೆ ಬೇಕಾದ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಇಲ್ಲವೆಂದು ಪರದಾಡಿದ ಮೇಲೆ ಹೊರಡುವ ಮುನ್ನವೇ ಎಲ್ಲವನ್ನೂ ಇಳಿಸಿಕೊಂಡು ಒಮ್ಮೆ ಕಂಪೈಲ್ ಮಾಡಿ ನೋಡುತ್ತೇನೆ.

ಕೊನೆಗೂ ಉಳಿದ ಕಿರಿಕಿರಿ ಒಂದು: ತಾಪಮಾನದ ಎಣಿಕೆ ನಡೆಯುತ್ತಿರುವಾಗ ಲ್ಯಾಪ್‌ಟಾಪ್ ತೆರೆದು ಬೋರ್ಡು ಕಳಿಸುವುದನ್ನು ತೋರಿಸುವ ಸೀರಿಯಲ್ ಮಾನಿಟರ್ ಹಾಕಿದರೆ ಊನೊ ರೀಸೆಟ್ ಆಗಿ ಎಣಿಕೆ ಸೊನ್ನೆಗೆ ಬರುತ್ತದೆ. ಆಗ ಲ್ಯಾಪ್‌ಟಾಪ್ ಕಳಿಸುವ ಡಿಟಿಆರ್ ಸಿಗ್ನಲ್ಲು ರೀಸೆಟ್ ಪಿನ್ನನ್ನು ಎಳೆಯುವುದರಿಂದ ಹೀಗೆ. ರೀಸೆಟ್‌ಗೂ ಗ್ರೌಂಡಿಗೂ ನಡುವೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಸಿಕ್ಕಿಸಿದರೆ ನಿಲ್ಲುತ್ತದೆ, ಆದರೆ ಅಪ್‌ಲೋಡ್ ಮಾಡುವಾಗ ಅದನ್ನು ಕೀಳಬೇಕು, ಆಮೇಲೆ ಮತ್ತೆ ಹಾಕಬೇಕು. ಈಗ ಆ ಕೆಪಾಸಿಟರನ್ನು ಹಲಗೆಯ ಮೂಲೆಗೆ ಟೇಪಿನಿಂದ ಅಂಟಿಸಿಟ್ಟಿದ್ದೇನೆ. ಮುಂದೆ ಅಲ್ಲೊಂದು ಪುಟ್ಟ ಸ್ವಿಚ್ಚು ಕೂರಿಸಬೇಕು. ತೂತು ಕೊರೆದು ಆಗಿದೆ, ಸ್ವಿಚ್ಚು ಇನ್ನೂ ಬಂದಿಲ್ಲ.