ಮಾವನ ಮನೆ ಸಾಲ, ಲೆಕ್ಕಕ್ಕೆ ಸಿಗದ 1,118 ರೂಪಾಯಿ

ನಾನು ದಾವಣಗೆರೆಯ ಮಂಡಿಪೇಟೆಯಲ್ಲಿ ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಜಿಎಸ್‌ಟಿ ರಿಟರ್ನ್ ಹಾಕುತ್ತೇನೆ. ಸಾಲದ ಫೈಲು ನೋಡುವುದು ನನ್ನ ಕಸುಬಲ್ಲ. 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಸೋದರಮಾವ ಒಂದು ಕೈಚೀಲದ ತುಂಬ ಕಾಗದ ತಂದು ನನ್ನ ಮೇಜಿನ ಮೇಲೆ ಸುರಿದರು, ಅಲ್ಲಿಂದ ಕಲಿತದ್ದು.

"ನೋಡಪ್ಪಾ, ಒಂದೂವರೆ ವರ್ಷದಿಂದ ಕಟ್ಟಾಕತ್ತೀನಿ, ಅಸಲು ಇಳಿದೇ ಇಲ್ಲ. ಮೋಸ ಆಗೇತಿ" ಅಂದರು.

ಮಾವನದು ಮಂಡಕ್ಕಿ ಭಟ್ಟಿ. ನಿಟುವಳ್ಳಿ ಕಡೆ ಮನೆ ಕಟ್ಟಲು 2022ರ ಆರಂಭದಲ್ಲಿ ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯಿಂದ 20 ಲಕ್ಷ ಸಾಲ ತೆಗೆದಿದ್ದರು. ಆಗ ಅವರಿಗೆ 51 ವರ್ಷ. ಮಗನೂ ಜೊತೆಗೆ ಸಹಿ ಹಾಕಿದ್ದ. ಕಂಪನಿ ಹೆಸರು ಇಲ್ಲಿ ಬೇಡ.

ನನಗೆ ತಕ್ಷಣ ಕಾಗದ ಬಿಚ್ಚುವ ಆಸೆ. ಆದರೆ ಬಿಚ್ಚಲಿಲ್ಲ. ಮೊದಲು ಮಾವನನ್ನು ಕೂರಿಸಿ, ಸಾಲ ಕೊಡಿಸಿದ ಏಜೆಂಟ್ ಏನೇನು ಹೇಳಿದ್ದ, ಎಲ್ಲಿ ಕೂತು ಹೇಳಿದ್ದ, ಯಾರ‍್ಯಾರು ಇದ್ದರು ಅಂತ ಬರೆದುಕೊಂಡೆ. ಕಾಗದ ನೋಡಿದ ಮೇಲೆ ಕೇಳಿದರೆ ನೆನಪು ಕಾಗದದ ಕಡೆಗೇ ವಾಲುತ್ತದೆ, ಅದಕ್ಕೆ. ಮಾವ ಹೇಳಿದ್ದು ಮೂರು ಮಾತು. ಕಂತು 18,600 ಚಿಲ್ಲರೆ. ಕಂತು ಯಾವತ್ತೂ ಬದಲಾಗಲ್ಲ. 20 ವರ್ಷಕ್ಕೆ ಮುಗಿಯುತ್ತದೆ. ಅತ್ತೆ ಒಳಗಿಂದ ಒಂದು ಹಳೇ ಕ್ಯಾಲೆಂಡರ್ ಹಾಳೆ ತಂದರು. ಅದರ ಹಿಂದೆ ಏಜೆಂಟ್ ತನ್ನ ಕೈಯಾರೆ 18,643 ಅಂತ ಬರೆದಿದ್ದ. ಇಡೀ ಫೈಲಿನಲ್ಲಿ ನಮಗೆ ಅತಿ ಬೆಲೆಬಾಳುವ ಕಾಗದ ಅದೇ ಆಯಿತು.

ಆಮೇಲೆ ಕಂಪನಿಗೆ ಅರ್ಜಿ ಕೊಟ್ಟು ನಮ್ಮ ಹತ್ತಿರ ಇಲ್ಲದ್ದನ್ನೆಲ್ಲ ಕೇಳಿದೆವು. ಭರ್ತಿ ಮಾಡಿದ ಅರ್ಜಿ ನಮೂನೆ, ಕರಾರು ಮತ್ತು ಅದರ ಜೊತೆಗಿನ ಎಲ್ಲ ಪುಟಗಳು, ಮೊದಲ ದಿನದಿಂದ ಸಾಲದ ಖಾತೆಯ ಸ್ಟೇಟ್‌ಮೆಂಟ್. ಮೂರು ಸಲ ಹೋದ ಮೇಲೆ ಸಿಕ್ಕವು. ಮನೆಗೆ ಬಂದಿದ್ದ ಕವರಿನಲ್ಲಿ ಬರೀ ಮಂಜೂರಾತಿ ಪತ್ರ ಮತ್ತು ಚೆಕ್ಕಿನ ಜೆರಾಕ್ಸ್ ಇದ್ದವು.

ಮೊದಲು ನೋಡಿದ್ದು ಸಾಲದ ಜಾತಿ. ಮನೆ ಸಾಲ ಅಂತ ಹೇಳಿ, ಕಾಗದದಲ್ಲಿ ವ್ಯಾಪಾರಕ್ಕಾಗಿ ಆಸ್ತಿ ಅಡಮಾನ ಸಾಲ ಅಂತ ಬರೆದುಬಿಟ್ಟಿರುತ್ತಾರೆ. ನಮ್ಮ ಗಿರಾಕಿಯೊಬ್ಬರಿಗೆ ಹಾಗೇ ಆಗಿತ್ತು. ಬದಲಾಗುವ ಬಡ್ಡಿಯ ಮನೆ ಸಾಲವನ್ನು ಬೇಗ ತೀರಿಸಿದರೆ ದಂಡ ಹಾಕುವಂತಿಲ್ಲ, ವ್ಯಾಪಾರಕ್ಕೆ ಅಂತ ಬರೆದರೆ ಆಗಿನ ನಿಯಮದಲ್ಲಿ ಆ ರಕ್ಷಣೆ ಹೋಗುತ್ತಿತ್ತು. ಮಾವನದು ಮನೆ ಸಾಲ ಅಂತಲೇ ಇತ್ತು. ಸದ್ಯ.

ಎರಡನೆಯದು ಕಂತು. ಕಟ್ಟುತ್ತಿದ್ದದ್ದು 19,761. ಹಾಳೆಯಲ್ಲಿದ್ದದ್ದು 18,643. ವ್ಯತ್ಯಾಸ 1,118. ಮಾವ ಇದನ್ನು "ಜಿಎಸ್‌ಟಿ ಇರಬೇಕು" ಅಂದುಕೊಂಡಿದ್ದರಂತೆ! ಸಾಲ ಕೊಟ್ಟಾಗಿನ ಶೇ. 9.5 ಬಡ್ಡಿಗೆ, 20 ವರ್ಷಕ್ಕೆ, ಒಂದು ಲಕ್ಷದ ಕಂತು 932 ರೂಪಾಯಿ ಆಗುತ್ತದೆ. ಇಪ್ಪತ್ತರಿಂದ ಗುಣಿಸಿದರೆ ಏಜೆಂಟ್ ಬರೆದ ಲೆಕ್ಕ ಹೆಚ್ಚುಕಡಿಮೆ ಸರಿ. ಹಾಗಾದರೆ 1,118ನ್ನು 932ರಿಂದ ಭಾಗಿಸಿ ನೋಡಿ. 1.2 ಬರುತ್ತದೆ. ಅಂದರೆ ಖಾತೆಯಲ್ಲಿ ಇನ್ನೂ 1,20,000 ಸಾಲ ಎಲ್ಲೋ ಕೂತಿದೆ. ಸ್ಟೇಟ್‌ಮೆಂಟಿನ ಎರಡನೇ ಸಾಲಿನಲ್ಲೇ ಇತ್ತು. ಮಾವನ ಕೈಗೆ 20 ಲಕ್ಷ ಬಂದ ದಿನವೇ ಒಂದು ವಿಮಾ ಕಂಪನಿಗೆ 1,20,000 ಹೋಗಿದೆ. ಸಾಲ 21,20,000 ಆಗಿದೆ.

ಸಾಲದ ಜೊತೆ ಜೀವ ವಿಮೆ ಮಾಡಿಸುವುದೇ ತಪ್ಪು ಅಂತ ನಾನು ಹೇಳಲ್ಲ. ದುಡಿಯುವವನು ಹೋದರೆ ಮನೆ ಉಳಿಯಬೇಕಲ್ಲ. ಆದರೆ ಪಾಲಿಸಿ ತರಿಸಿ ಓದಿದಾಗ ನನಗೆ ಸಿಟ್ಟು ಬಂತು. ಸಾಲ 20 ವರ್ಷಕ್ಕೆ, ವಿಮೆ 5 ವರ್ಷಕ್ಕೆ. ಆ 1,118ನ್ನು 240 ತಿಂಗಳು ಕಟ್ಟಿದರೆ 2,68,320 ಆಗುತ್ತದೆ, ಐದು ವರ್ಷದ ರಕ್ಷಣೆಗೆ. ಅದಕ್ಕಿಂತ ಕೆಟ್ಟದ್ದು ಆರೋಗ್ಯದ ಪುಟ. ಮಾವನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ದಿನಾ ಮಾತ್ರೆ ನುಂಗುತ್ತಾರೆ. ಪುಟದಲ್ಲಿ "ಇಲ್ಲ" ಅಂತ ಅಚ್ಚಾಗಿಯೇ ಬಂದಿದೆ, ಕೆಳಗೆ ಮಾವನ ಕನ್ನಡ ಸಹಿ. ನಾಳೆ ಏನಾದರೂ ಆಗಿದ್ದರೆ, ಕಾಯಿಲೆ ಮುಚ್ಚಿಟ್ಟಿದ್ದೀರಿ ಅಂತ ವಿಮೆಯವರು ಕೈ ಎತ್ತಬಹುದಿತ್ತು. ಯಾರೂ ಕೇಳಲೇ ಇಲ್ಲ ಅನ್ನುತ್ತಾರೆ ಮಾವ. ನಂಬುತ್ತೇನೆ, ಯಾಕೆಂದರೆ ಅವತ್ತು ನಲವತ್ತು ಚಿಲ್ಲರೆ ಸಹಿ ಹಾಕಿದ್ದಾರೆ, ಎಲ್ಲಾ ಇಂಗ್ಲಿಷ್ ಕಾಗದ. ಹೌಸಿಂಗ್ ಫೈನಾನ್ಸ್ ಕಂಪನಿಗಳು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ.

ಇನ್ನು ಮಾವನ ಮೂಲ ದೂರು, ಅಸಲು ಇಳಿದಿಲ್ಲ ಅನ್ನುವುದು. ಇಲ್ಲಿ ನಾನು ಅವರಿಗೆ ಬೇಜಾರಾಗುವ ಮಾತು ಹೇಳಬೇಕಾಯಿತು. 2022ರ ಮೇನಿಂದ 2023ರ ಫೆಬ್ರುವರಿವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇ. 4ರಿಂದ 6.5ಕ್ಕೆ ಏರಿಸಿತು. ಬದಲಾಗುವ ಬಡ್ಡಿಯ ಸಾಲಗಳೆಲ್ಲ ತುಟ್ಟಿಯಾದವು, ಮಾವನದು ಶೇ. 10.75ಕ್ಕೆ ಹೋಯಿತು. ಉಳಿದ ಅಸಲು ಸುಮಾರು 20,85,000. 19,761ರ ಕಂತಿನಲ್ಲಿ ಬಡ್ಡಿಗೇ 18,678 ಹೋಗಿ ಅಸಲಿಗೆ ಸಾವಿರ ಚಿಲ್ಲರೆ. ಹೀಗೇ ಬಿಟ್ಟರೆ ಇನ್ನೂ 27 ವರ್ಷ. ಏಜೆಂಟ್ "ಕಂತು ಬದಲಾಗಲ್ಲ" ಅಂದದ್ದು ಅಕ್ಷರಕ್ಕೆ ಅಕ್ಷರ ನಿಜ ನೋಡಿ, ಅವಧಿ ಬದಲಾಯಿತು ಅಷ್ಟೇ. ಕರಾರಿನಲ್ಲಿ ಬದಲಾಗುವ ಬಡ್ಡಿ ಅಂತ ಸ್ಪಷ್ಟವಾಗಿದೆ. ಬಡ್ಡಿ ಏರಿದ್ದನ್ನೇ ಮೋಸ ಅಂತ ಬರೆದರೆ ದೂರು ನಿಲ್ಲಲ್ಲ. ಆದರೆ ಕಂತು ಏರಿಸಬೇಕೋ ಅವಧಿ ಏರಿಸಬೇಕೋ ಅಂತ ಸಾಲಗಾರನನ್ನು ಕೇಳಬೇಕು ಎಂದು 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕಿನ ಸುತ್ತೋಲೆ ಬಂದಿತ್ತು, ಹಳೇ ಸಾಲಕ್ಕೂ ಸೇರಿ. ಅದನ್ನು ಬೇರೆ ಬೇಡಿಕೆಯಾಗಿ ಬರೆದೆ.

ಅರ್ಜಿಯಲ್ಲಿ ಇನ್ನೊಂದು ಇತ್ತು. ತಿಂಗಳ ಆದಾಯ 85,000. ಮಳೆಗಾಲದಲ್ಲಿ ಬೇಯಿಸಿದ ಭತ್ತ ಒಣಗಲ್ಲ, ಭಟ್ಟಿ ಅರ್ಧ ದಿನ ಸುಮ್ನೆ ಇರುತ್ತದೆ. ಬೇಸಿಗೆಯ ವ್ಯಾಪಾರವನ್ನು ಹನ್ನೆರಡು ತಿಂಗಳಿಗೆ ಹರಡಿದ್ದಾರೆ. ಇದನ್ನು ದೂರಿಗೆ ಸೇರಿಸಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಗಟ್ಟಿಯಾಗಿ ಕೇಳಿದಾಗ ಮಾವ, "ಸ್ವಲ್ಪ ಜಾಸ್ತಿ ಬರೀತೀನಿ ಅಂದ, ನಾನೂ ಹೂಂ ಅಂದೆ" ಅಂದರು. ಬಿಟ್ಟೆ. ನಮ್ಮದೇ ಕೈ ಇರುವ ಕಡೆ ಬೊಟ್ಟು ಮಾಡಿದರೆ ಉಳಿದದ್ದೂ ಹಗುರಾಗುತ್ತದೆ.

ಹಾಗಾಗಿ ದೂರು ಒಂದೂವರೆ ಪುಟ. ವಿಮೆ ಕೇಳದೆ ಸೇರಿಸಿದ್ದು, ಪಾಲಿಸಿ ಮನೆಗೆ ಬಾರದೆ, ಓದಿ ಬೇಡ ಅಂದರೆ ಕೆಲವು ದಿನದೊಳಗೆ ವಾಪಸ್ ಕೊಡುವ ಅವಕಾಶವೇ ತಪ್ಪಿದ್ದು, ಆರೋಗ್ಯದ ಸುಳ್ಳು ಉತ್ತರ. ಜೊತೆಗೆ ಕ್ಯಾಲೆಂಡರ್ ಹಾಳೆ, ಮಾತ್ರೆ ಚೀಟಿಗಳ ಜೆರಾಕ್ಸ್. ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆವು. "ಗ್ರಾಹಕರೇ ಇಷ್ಟಪಟ್ಟು ಪಡೆದಿದ್ದಾರೆ" ಅಂತ ನಾಲ್ಕು ಸಾಲಿನ ಉತ್ತರ ಬಂತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹಾಕಿ ತಿಂಗಳು ಕಳೆದೆ. ಹೌಸಿಂಗ್ ಫೈನಾನ್ಸ್ ಕಂಪನಿಗಳು 2021ರ ಆ ಒಂಬುಡ್ಸ್‌ಮನ್ ಯೋಜನೆಯಲ್ಲಿ ಬರುತ್ತಿರಲಿಲ್ಲ, ಅವುಗಳ ದೂರು ಆ ಕಂಪನಿಗಳ ಮೇಲೆ ಕಣ್ಣಿಡುವ ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ ಹೋಗಬೇಕಿತ್ತು. ವಿಮೆ ಕಂಪನಿ ಮೇಲಿನದು ವಿಮಾ ನಿಯಂತ್ರಕರ ಬಿಮಾ ಭರೋಸಾ ಪೋರ್ಟಲ್‌ಗೆ. ಎರಡೂ ಕಡೆ ಹಾಕಿದ ಮೇಲೆ, ಅದುವರೆಗೆ ಫೋನ್ ಎತ್ತದವರು ತಾವೇ ಫೋನ್ ಮಾಡಿದರು.

2024ರ ಮಾರ್ಚ್‌ನಲ್ಲಿ ಪಾಲಿಸಿ ರದ್ದಾಗಿ 1,20,000 ಸಾಲದ ಖಾತೆಗೆ ಜಮಾ ಆಯಿತು. ಅಸಲು 20,78,000 ಇದ್ದದ್ದು 19,58,000 ಆಯಿತು. ಕಂತು ಹಾಗೇ ಇಟ್ಟು ಲೆಕ್ಕ ಹಾಕಿದೆ. 319 ತಿಂಗಳು ಉಳಿದಿದ್ದದ್ದು 245ಕ್ಕೆ ಇಳಿಯಿತು. ಮಾವ ನಂಬಲಿಲ್ಲ, ಕ್ಯಾಲ್ಕ್ಯುಲೇಟರ್ ತಮ್ಮ ಕಡೆ ತಿರುಗಿಸಿ ಇನ್ನೊಮ್ಮೆ ಮಾಡಿಸಿದರು. ಅಷ್ಟೇ ಬಂತು, ಆರು ವರ್ಷ ಕಡಿಮೆ.

ಎರಡು ವರ್ಷ ಆ ಹಣದ ಮೇಲೆ ಕಟ್ಟಿಸಿಕೊಂಡ ಬಡ್ಡಿ, ಸುಮಾರು 24 ಸಾವಿರ, ವಾಪಸ್ ಬಂದಿಲ್ಲ. ಗ್ರಾಹಕ ಆಯೋಗಕ್ಕೆ ಹೋಗೋಣ ಅಂದೆ. "ಭಟ್ಟಿ ಬಿಟ್ಟು ಕೋರ್ಟಿಗೆ ಅಲೀಲೇನಪ್ಪಾ" ಅಂತ ಮಾವ ಒಪ್ಪಲಿಲ್ಲ. ಕ್ಯಾಲೆಂಡರ್ ಹಾಳೆ ಮಾತ್ರ ನನ್ನ ಬೀರುವಿನಲ್ಲೇ ಇದೆ, ಕೊಟ್ಟಿಲ್ಲ.