ಸೀನ್ ದೊಡ್ಡದು, ಮೆಮೊರಿ ಚಿಕ್ಕದು: ರೆಂಡರ್ ಅರ್ಧಕ್ಕೆ ನಿಲ್ಲದಂತೆ ಮಾಡುವುದು ಹೇಗೆ?

3ಡಿ ಸೀನಿನಿಂದ ಚಿತ್ರ ತೆಗೆಯುವ ರೆಂಡರ್ ಕೆಲಸ ಶುರುವಾಗಿ ಅರೆಗಳಿಗೆಯಲ್ಲೇ ‘ಜಿಪಿಯು ಮೆಮೊರಿ ಸಾಲದು’, ಅಂದರೆ ಗ್ರಾಫಿಕ್ಸ್ ಕಾರ್ಡಿನಲ್ಲಿ ಜಾಗವಿಲ್ಲ ಎಂಬ ಸಂದೇಶ ಬಂತೆಂದರೆ ಹೆಚ್ಚಿನವರ ಕೈ ನೇರ ಸ್ಯಾಂಪಲ್ ಸಂಖ್ಯೆಗೆ (ಒಂದು ಪಿಕ್ಸೆಲ್‌ಗೆ ಎಷ್ಟು ಸಲ ಕಿರಣ ಬಿಡಬೇಕೆಂಬ ಲೆಕ್ಕ) ಹೋಗುತ್ತದೆ. 1024 ಇದ್ದದ್ದು 256 ಆಗುತ್ತದೆ, ಸಂದೇಶ ಮಾತ್ರ ಅದೇ. ಸ್ಯಾಂಪಲ್ ಇಳಿಸಿದರೆ ಸಮಯ ಉಳಿಯುತ್ತದೆ, ಜಾಗ ಉಳಿಯುವುದಿಲ್ಲ. ಜಾಗ ತಿನ್ನುವವು ಮುಖ್ಯವಾಗಿ ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ), ಮೆಶ್ (ಪಾಲಿಗಾನ್ ಎಂಬ ಪುಟ್ಟ ಮುಖಗಳಿಂದಾದ ಆಕಾರ) ಮತ್ತು ಬೆಳಕಿನ ಕಿರಣ ಆ ಮೆಶ್‌ಗೆ ಎಲ್ಲಿ ತಾಗುತ್ತದೆಂದು ಬೇಗ ಹುಡುಕಲು ಕಟ್ಟುವ ಬಿವಿಎಚ್ ಎಂಬ ಸೂಚಿ. ಮೊದಲ ಕಿರಣ ಹೊರಡುವ ಮುನ್ನವೇ ಇವೆಲ್ಲ ಕಾರ್ಡಿನೊಳಗೆ ಕೂತಿರಬೇಕು. (ಇಲ್ಲಿ ಹೇಳುವ ಹೆಸರುಗಳು 3ಡಿ ತಂತ್ರಾಂಶವಾದ ಬ್ಲೆಂಡರ್‌ನ ಸೈಕಲ್ಸ್ ಎಂಬ ರೆಂಡರ್ ಎಂಜಿನ್‌ನವು. ಬೇರೆ ತಂತ್ರಾಂಶದಲ್ಲಿ ಮೆನು ಬೇರೆ, ಲೆಕ್ಕ ಹೆಚ್ಚುಕಡಿಮೆ ಇದೇ.)

1. ಮೊದಲು ಅಳೆಯಿರಿ

ವ್ಯೂಪೋರ್ಟನ್ನು (ಕೆಲಸ ಮಾಡುವ 3ಡಿ ಕಿಟಕಿ) ಸಾಲಿಡ್ ಮೋಡ್‌ಗೆ ತನ್ನಿ. ರೆಂಡರ್ಡ್ ಮೋಡ್‌ನಲ್ಲೇ ಬಿಟ್ಟು ಎಫ್12 ಒತ್ತಿ ರೆಂಡರ್ ಕೊಟ್ಟರೆ ಒಂದೇ ಸೀನ್ ಕಾರ್ಡಿನಲ್ಲಿ ಎರಡು ಸಲ ಕೂರುತ್ತದೆ. ರೆಂಡರ್ ಮೆನುವಿನಲ್ಲಿ ಲಾಕ್ ಇಂಟರ್‌ಫೇಸ್ ಆನ್ ಮಾಡಿ, ಬ್ರೌಸರ್ ಮುಚ್ಚಿ. ಈಗ ರೆಂಡರ್ ಕೊಟ್ಟು, ಚಿತ್ರದ ಮೇಲ್ಗಡೆ ಕಾಣುವ ‘ಪೀಕ್’ ಅಂಕಿ ಬರೆದಿಟ್ಟುಕೊಳ್ಳಿ. ಬಿವಿಎಚ್ ಕಟ್ಟುವಾಗ ಕೆಲಸ ನಿಂತಿತೆಂದು ಮೆಶ್ ಮೇಲೆಯೇ ತಪ್ಪು ಹೊರಿಸಬೇಡಿ. ಕೊನೆಗೆ ಬಂದವನಿಗೆ ಸೀಟು ಸಿಗಲಿಲ್ಲ, ಅಷ್ಟೆ. ಸೀಟು ಹಿಡಿದು ಕೂತವರು ಬೇರೆ ಇರಬಹುದು.

ಮೆಮೊರಿ ಕ್ಲೀನರ್ ಎಂಬ ಹೆಸರಿನ ಸಾಫ್ಟ್‌ವೇರ್‌ಗಳಿಂದ ಇಲ್ಲಿ ಏನೂ ಆಗದು. ಹಾಗೆಯೇ 8 ಜಿಬಿಯ ಎರಡು ಕಾರ್ಡ್ ಹಾಕಿದ ಮಾತ್ರಕ್ಕೆ 16 ಜಿಬಿ ಆಗುವುದಿಲ್ಲ. ಕಾರ್ಡುಗಳು ಮೆಮೊರಿ ಹಂಚಿಕೊಳ್ಳಲು ಬಿಡುವ ಎನ್‌ವಿಲಿಂಕ್ ಜೋಡಣೆ ಇಲ್ಲದಿದ್ದರೆ ಪ್ರತಿ ಕಾರ್ಡೂ ಇಡೀ ಸೀನನ್ನು ತಾನೇ ಹೊರಬೇಕು.

2. ಟೆಕ್ಸ್ಚರ್: ಎಡವುವುದು ಇಲ್ಲೇ

ಡಿಸ್ಕ್‌ನಲ್ಲಿ 2 ಎಂಬಿ ಇರುವ ಜೆಪೆಗ್ ಕಡತ ಮೆಮೊರಿಯಲ್ಲಿ 2 ಎಂಬಿ ಇರುವುದಿಲ್ಲ. ಒತ್ತಿ ಮಡಚಿದ್ದೆಲ್ಲ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಲೆಕ್ಕ ಸುಲಭ: ಅಗಲ × ಎತ್ತರ × 4 ಚಾನೆಲ್ × ಒಂದು ಚಾನೆಲ್‌ಗೆ ಎಷ್ಟು ಬೈಟ್. 4096 × 4096ರ 8-ಬಿಟ್ ಬಣ್ಣದ ಚಿತ್ರ 64 ಎಂಬಿ. ಅದೇ 8192 × 8192 ಆದರೆ 256 ಎಂಬಿ. 16-ಬಿಟ್ ಆದರೆ ಎರಡು ಪಟ್ಟು, 32-ಬಿಟ್ ಆದರೆ ನಾಲ್ಕು ಪಟ್ಟು. ಬಣ್ಣ, ರಫ್‌ನೆಸ್ (ಒರಟುತನ), ನಾರ್ಮಲ್ (ಉಬ್ಬುತಗ್ಗಿನ ಭ್ರಮೆ), ಡಿಸ್‌ಪ್ಲೇಸ್‌ಮೆಂಟ್ (ನಿಜವಾದ ಉಬ್ಬುತಗ್ಗು) ಎಂದು ಒಂದು ಮಟೀರಿಯಲ್‌ಗೆ ನಾಲ್ಕು 4ಕೆ (4096 × 4096) ಚಿತ್ರ ಹಾಕಿದರೆ 256 ಎಂಬಿ ಹೋಯಿತು. ಒಂದು ಪಾತ್ರದ ಮೇಲ್ಮೈಯನ್ನು ಭಾಗ ಮಾಡಿ ಒಂದೊಂದಕ್ಕೂ ಬೇರೆ ಚಿತ್ರ ಕೊಡುವ ಅಂಥ 10 ಯುಡಿಮ್ ಟೈಲ್ ಇದ್ದರೆ ಎರಡೂವರೆ ಜಿಬಿ.

ಎಷ್ಟು ದೊಡ್ಡ ಚಿತ್ರ ಬೇಕು? ಕ್ಯಾಮೆರಾದಿಂದ ನೋಡಿದಾಗ ಆ ವಸ್ತು ಎಷ್ಟು ಪಿಕ್ಸೆಲ್ ಅಗಲ ಕಾಣುತ್ತದೋ ಅದರ ಎರಡರಷ್ಟು ಸಾಕು. 300 ಪಿಕ್ಸೆಲ್ ಕಾಣುವ ಹಿನ್ನೆಲೆಯ ಪೆಟ್ಟಿಗೆಗೆ 1024 ಧಾರಾಳವಾಯಿತು; 4096ರಿಂದ ಅಲ್ಲಿಗೆ ಇಳಿಸಿದರೆ 64 ಎಂಬಿ 4 ಎಂಬಿ ಆಗುತ್ತದೆ. ಹಿಂದಿನಿಂದ ಮುಂದಕ್ಕೆ ಇಳಿಸುತ್ತ ಬನ್ನಿ. ಎದುರಿನ ಮುಖಕ್ಕೆ ಕೈ ಹಾಕುವ ಹೊತ್ತಿಗೆ ಬೇಕಾದ ಜಾಗ ಸಿಕ್ಕಿರುತ್ತದೆ.

ರಫ್‌ನೆಸ್‌ನಂಥ ಕಪ್ಪು–ಬಿಳುಪು ಚಿತ್ರವನ್ನು ಬಣ್ಣದ ಕಡತವಾಗಿ ಉಳಿಸಬೇಡಿ. ಗ್ರೇಸ್ಕೇಲ್ ಮಾಡಿದರೆ 64ರ ಜಾಗದಲ್ಲಿ 16 ಎಂಬಿ. ರಫ್‌ನೆಸ್‌ಗೆ 16-ಬಿಟ್ ದಂಡ. ಡಿಸ್‌ಪ್ಲೇಸ್‌ಮೆಂಟ್‌ಗೆ ಮಾತ್ರ 16-ಬಿಟ್ ಬೇಕೇ ಬೇಕು, 8ಕ್ಕೆ ಇಳಿಸಿದರೆ ಮೇಲ್ಮೈ ಮೆಟ್ಟಿಲು ಮೆಟ್ಟಿಲಾಗುತ್ತದೆ. ನಾರ್ಮಲ್ ಚಿತ್ರವನ್ನು ಜೆಪೆಗ್ ಮಾಡಬೇಡಿ: ಮೆಮೊರಿಯಲ್ಲಿ ಒಂದು ಎಂಬಿಯೂ ಉಳಿಯದು, ಹೊಳಪಿನ ಮೇಲೆ ಚೌಕಚೌಕ ಕಲೆ ಮಾತ್ರ ಬರುತ್ತದೆ.

ಮರೆತುಹೋಗುವ ಇನ್ನೊಂದು, ಆಕಾಶದ ಎಚ್‌ಡಿಆರ್‌ಐ (ಸೀನಿಗೆ ಸುತ್ತಲಿನ ಬೆಳಕು ಕೊಡುವ ಚಿತ್ರ). 8192 × 4096ರ 32-ಬಿಟ್ ಚಿತ್ರ ಒಂದೇ 512 ಎಂಬಿ. ಆಕಾಶ ಫ್ರೇಮಿನಲ್ಲಿ ಕಾಣದೆ ಬರೀ ಬೆಳಕಿಗೆ ಇದ್ದರೆ 2048 × 1024 ಹಾಕಿ, 32 ಎಂಬಿಯಲ್ಲಿ ಮುಗಿಯುತ್ತದೆ.

ರೆಂಡರ್ ಸೆಟ್ಟಿಂಗ್‌ಗಳ ಸಿಂಪ್ಲಿಫೈ ವಿಭಾಗದಲ್ಲಿ ಎಲ್ಲ ಟೆಕ್ಸ್ಚರ್‌ಗೂ ಗರಿಷ್ಠ ಅಳತೆ ಹಾಕುವ ಟೆಕ್ಸ್ಚರ್ ಲಿಮಿಟ್ ಎಂಬ ಒಂದೇ ಏಟಿನ ದಾರಿಯೂ ಇದೆ. ಅದು ಹಿನ್ನೆಲೆಯ ಗೋಡೆಯನ್ನೂ ಮುಖ್ಯ ಪಾತ್ರದ ಕಣ್ಣನ್ನೂ ಒಂದೇ ಮಚ್ಚಿನಲ್ಲಿ ಕತ್ತರಿಸುವುದರಿಂದ ಪರೀಕ್ಷೆಗೆ ಮಾತ್ರ ಬಳಸಿ. ಇನ್ನು ಇಟ್ಟಿಗೆ, ಕಲ್ಲು, ಮರವೆಂದು ಎಲ್ಲವನ್ನೂ 8ಕೆಯಲ್ಲೇ ತುಂಬಿ ಮಾರುವ ಪ್ಯಾಕ್‌ಗಳಲ್ಲಿ ಎಷ್ಟೋ ಚಿತ್ರಗಳು ಚಿಕ್ಕದನ್ನು ಹಿಗ್ಗಿಸಿದವು. ನೂರು ಪ್ರತಿಶತಕ್ಕೆ ಜೂಮ್ ಮಾಡಿ ನೋಡಿ. ಮಸುಕಾಗಿದ್ದರೆ ಅರ್ಧಕ್ಕೆ ಇಳಿಸಿ.

3. ಮೆಶ್: ನಕಲು ಬೇಡ, ಇನ್‌ಸ್ಟನ್ಸ್ ಬೇಕು

5 ಲಕ್ಷ ಪಾಲಿಗಾನ್‌ನ ಮರವನ್ನು ಶಿಫ್ಟ್+ಡಿ ಒತ್ತಿ 2,000 ಸಲ ನಕಲು ಮಾಡಿದರೆ 100 ಕೋಟಿ ಪಾಲಿಗಾನ್. ಆಲ್ಟ್+ಡಿ ಒತ್ತಿ ಇನ್‌ಸ್ಟನ್ಸ್ ಮಾಡಿದರೆ ಮೆಶ್ ಒಂದೇ. ಉಳಿದವಕ್ಕೆ ಎಲ್ಲಿ, ಯಾವ ಕಡೆ ತಿರುಗಿ, ಎಷ್ಟು ದೊಡ್ಡದಾಗಿ ಎಂಬ ವಿವರವಷ್ಟೇ ಸೇರುತ್ತದೆ. ಆದರೆ ಆ ಪ್ರತಿಗಳ ಮೇಲೆ ಮೆಶ್‌ನ ಆಕಾರ ಬದಲಿಸುವ ಮಾಡಿಫೈಯರ್ ಕೂತಿದ್ದರೆ ಪ್ರತಿಯೊಂದೂ ಮತ್ತೆ ಬೇರೆ ಮೆಶ್ ಆಗುತ್ತದೆ. ಮಾಡಿಫೈಯರ್‌ಗಳನ್ನು ಮೊದಲೇ ಅಪ್ಲೈ ಮಾಡಿ, ಇಲ್ಲವೇ ಕಲೆಕ್ಷನ್ (ವಸ್ತುಗಳ ಗುಂಪು) ಇನ್‌ಸ್ಟನ್ಸ್ ಬಳಸಿ. ನೋಡ್‌ಗಳನ್ನು ಜೋಡಿಸಿ ಮೆಶ್ ಹುಟ್ಟಿಸುವ ಜಿಯೊಮೆಟ್ರಿ ನೋಡ್ಸ್‌ನಲ್ಲಿ ಕೊನೆಗೆ, ಇನ್‌ಸ್ಟನ್ಸ್‌ಗಳನ್ನು ನಿಜ ಮೆಶ್ ಆಗಿಸುವ ಒಂದು ‘ರಿಯಲೈಜ಼್ ಇನ್‌ಸ್ಟನ್ಸಸ್’ ನೋಡ್ ಉಳಿದುಬಿಟ್ಟರೂ ಇದೇ ಗತಿ.

ಮುಖಗಳನ್ನು ಸೀಳಿ ಆಕಾರ ನಯಗೊಳಿಸುವ ಸಬ್‌ಡಿವಿಷನ್ ಪ್ರತಿ ಹಂತಕ್ಕೂ ಮುಖಗಳನ್ನು ನಾಲ್ಕು ಪಟ್ಟು ಮಾಡುತ್ತದೆ. 10,000 ಮುಖಗಳು 3ನೇ ಹಂತದಲ್ಲಿ 6.4 ಲಕ್ಷ, 5ನೇ ಹಂತದಲ್ಲಿ ಒಂದು ಕೋಟಿ ದಾಟುತ್ತವೆ. ವ್ಯೂಪೋರ್ಟ್ ಹಂತಕ್ಕೂ ರೆಂಡರ್ ಹಂತಕ್ಕೂ ಬೇರೆ ಬೇರೆ ಅಂಕಿ ಇರುವುದರಿಂದ ಕೆಲಸ ಮಾಡುವಾಗ ಇದು ಕಣ್ಣಿಗೇ ಬೀಳುವುದಿಲ್ಲ. ಹೊಗೆ, ಮೋಡ ಇದ್ದರೆ ಇನ್ನೂ ಜೋಪಾನ: ರೆಸಲ್ಯೂಷನ್ ಇಮ್ಮಡಿಸಿದರೆ ದಟ್ಟ ವಾಲ್ಯೂಮ್‌ಗೆ ಎಂಟು ಪಟ್ಟು ಜಾಗ.

4. ಕಾಣದ್ದನ್ನು ಕಳಚಿ

ಕ್ಯಾಮೆರಾದ ಫ್ರೇಮಿನ ಹೊರಗಿರುವುದನ್ನು ಬಿಟ್ಟುಬಿಡುವ ಕ್ಯಾಮೆರಾ ಕಲಿಂಗನ್ನು ಸಿಂಪ್ಲಿಫೈನಲ್ಲಿ ಆನ್ ಮಾಡಿ, ಆಯಾ ವಸ್ತುವಿನ ವಿಸಿಬಿಲಿಟಿಯಲ್ಲೂ ಅದನ್ನು ಟಿಕ್ ಮಾಡಿ. ಕನ್ನಡಿಯಲ್ಲಿ ಕಾಣುವುದನ್ನೂ ನೆರಳು ಬೀಳಿಸುವುದನ್ನೂ ಕಳಚಬೇಡಿ.

5. ಟೈಲ್

ಇಲ್ಲಿ ಟೈಲ್ ಎಂದರೆ ಚಿತ್ರವನ್ನು ತುಂಡುತುಂಡಾಗಿ ರೆಂಡರ್ ಮಾಡುವುದು. ಇದರಿಂದ ಚಿತ್ರದ ಬಫರ್ (ರೆಂಡರ್ ಆಗುತ್ತಿರುವ ಚಿತ್ರ ಕೂರುವ ಜಾಗ) ಮಾತ್ರ ಕಿರಿದಾಗುತ್ತದೆ. ಮೆಶ್ ಮತ್ತು ಟೆಕ್ಸ್ಚರ್ ಇದ್ದಷ್ಟೇ ಇರುತ್ತವೆ. ಬಹಳ ದೊಡ್ಡ ಚಿತ್ರ ಅಥವಾ ಹತ್ತಾರು ಪಾಸ್ (ನೆರಳು, ಹೊಳಪು ಎಂದು ಬೇರೆಬೇರೆಯಾಗಿ ಉಳಿಸುವ ಚಿತ್ರ) ಇದ್ದಾಗ ಮಾತ್ರ ಇದರ ಉಪಯೋಗ.

6. ಇನ್ನೂ ಸಾಲದಿದ್ದರೆ

ಸಿಪಿಯುನಲ್ಲಿ ರೆಂಡರ್ ಮಾಡಿ; ನಿಧಾನ, ಆದರೆ ಕಂಪ್ಯೂಟರಿನ ಇಡೀ ರ‍್ಯಾಮ್ ಸಿಗುತ್ತದೆ. ಇಲ್ಲವೇ ಸೀನನ್ನು ವ್ಯೂ ಲೇಯರ್‌ ಎಂಬ ಪದರಗಳಾಗಿ ಒಡೆದು ಒಂದೊಂದಾಗಿ ರೆಂಡರ್ ಮಾಡಿ, ಓಪನ್‌ಇಎಕ್ಸ್‌ಆರ್ ಎಂಬ ಚಿತ್ರ ಕಡತದಲ್ಲಿ ಉಳಿಸಿ, ಆಮೇಲೆ ಜೋಡಿಸಿ. ಕಲೆಕ್ಷನ್ನನ್ನು ‘ಹೋಲ್ಡ್‌ಔಟ್’ (ಅದರ ಆಕಾರದಲ್ಲಿ ಚಿತ್ರಕ್ಕೆ ತೂತು) ಅಥವಾ ‘ಇನ್‌ಡೈರೆಕ್ಟ್ ಓನ್ಲಿ’ (ನೆರಳು, ಪ್ರತಿಬಿಂಬ ಮಾತ್ರ) ಮಾಡಿದರೆ ಅದರ ಮೆಶ್ ಮೆಮೊರಿಯಲ್ಲೇ ಇರುತ್ತದೆ. ಜಾಗ ಬಿಡುಗಡೆಯಾಗುವುದು ಸೀನಿನ ವಸ್ತುಗಳ ಪಟ್ಟಿಯಾದ ಔಟ್‌ಲೈನರ್‌ನಲ್ಲಿ ಕಲೆಕ್ಷನ್‌ನ ಟಿಕ್ ತೆಗೆದು ಆ ಲೇಯರಿನಿಂದ ಪೂರ್ತಿ ಹೊರಗಿಟ್ಟಾಗ. ಹೊರಗಿಟ್ಟದ್ದರ ನೆರಳೂ ಪ್ರತಿಬಿಂಬವೂ ಜೊತೆಗೇ ಹೋಗುತ್ತವೆ. ಅವು ಬೇಕೆಂದರೆ ಅದೇ ಆಕಾರದ, ಕೆಲವೇ ಸಾವಿರ ಪಾಲಿಗಾನ್‌ನ ಟೆಕ್ಸ್ಚರ್ ಇಲ್ಲದ ಬದಲಿ ಮೆಶ್ ಮಾಡಿ, ಅದನ್ನೇ ಇನ್‌ಡೈರೆಕ್ಟ್ ಓನ್ಲಿ ಆಗಿ ಆ ಜಾಗದಲ್ಲಿ ನಿಲ್ಲಿಸಿ.