ಹೋಸ್ಟಿಂಗ್ ಖಾತೆಗೆ ಕಳ್ಳ ಸ್ಕ್ರಿಪ್ಟ್ ಹೊಕ್ಕರೆ ಏನು ಮಾಡಬೇಕು

ಕುಂಬಳೆಯ ಯಕ್ಷಗಾನ ಸಂಘದ ಸೈಟು, ಬದಿಯಡ್ಕದ ಭಜನಾ ಮಂದಿರದ್ದು, ಶಾಲೆಯ ಹಳೆವಿದ್ಯಾರ್ಥಿಗಳದ್ದು: ಮೂರನ್ನೂ ಒಬ್ಬರೇ ನೋಡಿಕೊಳ್ಳುವುದು, ಮೂರೂ ಒಂದೇ ಅಗ್ಗದ ಖಾತೆಯಲ್ಲಿರುವುದು ಕಾಸರಗೋಡಿನ ಕಡೆ ಹೊಸತಲ್ಲ. ಅಂಥ ಖಾತೆಯಲ್ಲಿ ಎಲ್ಲವೂ ಒಂದೇ ಯೂಸರ್ ಹೆಸರಲ್ಲಿ ಓಡುತ್ತವೆ. ಒಂದಕ್ಕೆ ಹೊಕ್ಕ ಸ್ಕ್ರಿಪ್ಟ್ ಉಳಿದೆರಡರ ಫೈಲನ್ನೂ ತಿದ್ದಬಲ್ಲದು. ತೊಳೆಯುವುದಾದರೆ ಮೂರನ್ನೂ ಒಟ್ಟಿಗೇ ತೊಳೆಯಿರಿ.

ವಿಳಾಸ ಟೈಪಿಸಿ ನೋಡಿ ‘ಸರಿಯೇ ಉಂಟಲ್ಲ’ ಎನ್ನಬೇಡಿ. ಗೂಗಲ್ ಹುಡುಕಾಟದಿಂದ, ಅದೂ ಮೊಬೈಲಲ್ಲಿ ಬಂದವರನ್ನಷ್ಟೇ ಜೂಜಿನ ಪುಟಕ್ಕೆ ಅಟ್ಟುವ ಕೋಡ್ ಇರುತ್ತದೆ.

ಸೈಟು ಮುಚ್ಚಿ ಫೈಲು, ಡೇಟಾಬೇಸ್, ಆಕ್ಸೆಸ್ ಲಾಗ್ (ಯಾರು ಯಾವಾಗ ಯಾವ ಪುಟಕ್ಕೆ ಬಂದರೆಂಬ ದಾಖಲೆ) ಇಳಿಸಿಕೊಳ್ಳಿ. ಕಳ್ಳ ಬಂದ ದಾರಿಯ ಗುರುತು ಸಿಗುವುದು ಅಲ್ಲೇ. ಡೇಟಾಬೇಸ್ ಕನ್ನಡ ಹಿಡಿಸುವ ಯುಟಿಎಫ್8ಎಂಬಿ4 ಅಕ್ಷರಸಂಕೇತದಲ್ಲೇ ಇಳಿಯಲಿ. ಇಂಗ್ಲಿಷಿನಂಥ ಭಾಷೆಗಳ ಲ್ಯಾಟಿನ್1ಕ್ಕೆ ತಿರುಗಿದರೆ ಕನ್ನಡವೆಲ್ಲ ಬರೀ ಪ್ರಶ್ನೆ ಚಿಹ್ನೆ, ಮತ್ತೆ ಬಾರದು.

ಸೈಟು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿದ್ದರೆ, ಅದರ ಅಪ್‌ಲೋಡ್ಸ್ ಫೋಲ್ಡರ್ ಚಿತ್ರಗಳಿಗೆ. ಅಲ್ಲಿ ಪಿಎಚ್‌ಪಿ ಫೈಲು (ಸರ್ವರಲ್ಲಿ ಓಡುವ ಕೋಡ್) ಕಂಡರೆ, ಒಳಗೆ ಅಡಗಿಸಿದ ಕೋಡನ್ನು ಬಿಚ್ಚಿ ಓಡಿಸುವ ಇವ್ಯಾಲ್ (eval), ಬೇಸ್64 ಡಿಕೋಡ್ (base64_decode), ಮುಗಿಯದ ಅಕ್ಷರಸಾಲು ಇದ್ದರೆ, ಹೆಚ್ಚುಕಡಿಮೆ ಅದೇ ಕಳ್ಳ. ಫೈಲಿನ ತಾರೀಕು ನಂಬಬೇಡಿ, ಟಚ್ ಕಮಾಂಡಿನಿಂದ ಹಿಂದಕ್ಕೆ ತಳ್ಳಬಹುದು. ಆರಿಸಿ ಆರಿಸಿ ಅಳಿಸುವುದಕ್ಕಿಂತ ಕೋರ್ (ವರ್ಡ್‌ಪ್ರೆಸ್ಸಿನ ಸ್ವಂತ ಫೈಲುಗಳು), ಥೀಮ್, ಪ್ಲಗಿನ್‌ಗಳನ್ನು ಪೂರ್ತಿ ತೆಗೆದು ಮೂಲದಿಂದ ಹೊಸತು ಹಾಕಿ. ಪುಕ್ಕಟೆ ಸಿಕ್ಕ ‘ನಲ್ಡ್’ (ಲೈಸೆನ್ಸ್ ಮುರಿದು ಹಂಚಿದ) ಥೀಮ್ ಮತ್ತೆ ಹಾಕಿದರೆ ಮುಗಿಯಿತು ಕಥೆ. ಹೊತ್ತಿಗೆ ಸರಿಯಾಗಿ ತಾನೇ ಓಡುವ ಕ್ರಾನ್ ಜಾಬ್‌ಗಳನ್ನು ನೋಡಿದಿರಾ? ಕಳ್ಳ ಇಟ್ಟದ್ದೊಂದು ಉಳಿದರೆ ಅಳಿಸಿದ ಫೈಲು ಬೆಳಿಗ್ಗೆ ಮತ್ತೆ ಹಾಜರು. ಗುರುತಿಲ್ಲದ ಅಡ್ಮಿನ್‌ಗಳನ್ನೂ ತೆಗೆಯಿರಿ.

ಇಷ್ಟೂ ನೆಲ ಒರೆಸಿದ್ದಷ್ಟೇ; ಒಡೆದ ಹಂಚು ಮೇಲೆ ಹಾಗೇ ಇದೆ. ಕೈಯಲ್ಲಿ ಬರೆದ ಹಳೆಯ ಫಾರ್ಮ್‌ಗಳನ್ನು ನೋಡಿ. ಪಿಎಚ್‌ಪಿ 5.4ಕ್ಕಿಂತ ಮುಂಚೆ, ಟ್ಯಾಗುಗಳನ್ನು ಬರೀ ಅಕ್ಷರವಾಗಿಸುವ ಎಚ್‌ಟಿಎಂಎಲ್‌ಎಂಟಿಟೀಸ್ ಫಂಕ್ಷನ್ನು, ಬೇರೆ ಹೇಳದಿದ್ದರೆ, ಬರಹವನ್ನು ಐಎಸ್‌ಒ 8859-1 (ಲ್ಯಾಟಿನ್1) ಎಂದೇ ಎಣಿಸುತ್ತಿತ್ತು, ಕನ್ನಡ ಕಲಸಿಹೋಗುತ್ತಿತ್ತು. ಆ ಕಾಟಕ್ಕೆ ಅದನ್ನೇ ಕಿತ್ತುಹಾಕಿದ್ದರೆ ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ಟ್ಯಾಗ್ ಬರೆದರೂ ಪುಟದಲ್ಲಿ ಓಡುತ್ತದೆ. ಬಂದವರು ಬರೆದದ್ದನ್ನು ತೋರಿಸುವಲ್ಲೆಲ್ಲ ಅದೇ ಕೆಲಸದ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಹಾಕಿ, ಯುಟಿಎಫ್-8 ಎಂದು ಹೇಳಿ, ಕನ್ನಡ ಕೆಡುವುದಿಲ್ಲ. ಡೇಟಾಬೇಸ್ ಪ್ರಶ್ನೆಗೆ ಪಿಡಿಒ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ, ಬರೆದದ್ದು ಆಜ್ಞೆಯಾಗದೆ ಬರೀ ಮಾಹಿತಿಯಾಗಿ ಹೋಗುತ್ತದೆ.

ಓದುವ, ಬರೆಯುವ ಅನುಮತಿಯ ಅಂಕಿ: ಫೋಲ್ಡರಿಗೆ 755, ಫೈಲಿಗೆ 644, ಡೇಟಾಬೇಸ್ ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲಿಗೆ 600. ‘ಅಪ್‌ಲೋಡ್ ಆಗುತ್ತಿಲ್ಲ’ ಎಂದು 777 (ಯಾರು ಬೇಕಾದರೂ ತಿದ್ದಬಹುದು) ಕೊಡುವುದು ಬೇಡ.

ತೊಳೆದ ಮೇಲೆ ಪಾಸ್‌ವರ್ಡುಗಳನ್ನೂ ಕಾನ್ಫಿಗ್‌ನ ಸಾಲ್ಟ್‌ಗಳನ್ನೂ (ಲಾಗಿನ್ ಕಾಯುವ ಗುಪ್ತ ಅಕ್ಷರಸಾಲು) ಬದಲಿಸಿ. ಮೊದಲೇ ಬದಲಿಸಿದರೆ ಹೊಸ ಡೇಟಾಬೇಸ್ ಪಾಸ್‌ವರ್ಡನ್ನೂ ಒಳಗಿರುವ ಕಳ್ಳ ಓದುತ್ತಾನೆ. ಅಪ್‌ಲೋಡ್ಸ್‌ನಲ್ಲಿ ಪಿಎಚ್‌ಪಿ ಓಡದಂತೆ ಎಚ್‌ಟಿಆಕ್ಸೆಸ್ (.htaccess) ಎಂಬ ನಿಯಮದ ಫೈಲಿನಲ್ಲಿ ತಡೆಯಿರಿ. ಎನ್‌ಜಿನ್‌ಎಕ್ಸ್ (nginx) ಎಂಬ ಸರ್ವರ್ ತಂತ್ರಾಂಶ ಆ ಫೈಲನ್ನು ಓದುವುದೇ ಇಲ್ಲ, ಅಲ್ಲಿ ಹೋಸ್ಟಿಂಗಿನವರಿಗೇ ಹೇಳಬೇಕು. ಕೊನೆಗೆ ‘ನಮಸ್ಕಾರ’ ಎಂದಷ್ಟೇ ಮುದ್ರಿಸುವ ಪಿಎಚ್‌ಪಿ ಫೈಲೊಂದನ್ನು ಅಪ್‌ಲೋಡ್ಸ್‌ನಲ್ಲಿಟ್ಟು ಬ್ರೌಸರಲ್ಲಿ ತೆರೆಯಿರಿ. 403, ಅಂದರೆ ‘ಪ್ರವೇಶವಿಲ್ಲ’, ಬರಬೇಕು. ‘ನಮಸ್ಕಾರ’ ಬಂದರೆ ತಡೆ ಕೂತಿಲ್ಲ. ನೋಡಿಯಾದ ಮೇಲೆ ಆ ಫೈಲು ಅಳಿಸಲು ಮರೆಯಬೇಡಿ.